ತೂತು ಕೊರೆದರೆ ಬೆಳಕು ಸೋರಿಹೋಗದೇ?

ಪ್ರಶ್ನೆ: ನಾನು ನಿವೃತ್ತ ಬ್ಯಾಂಕ್ ನೌಕರ. ಮಗಳು ಎಂ.ಟೆಕ್. ಪ್ರಾಜೆಕ್ಟಿಗೆ ‘ಫೋಟಾನಿಕ್ ಕ್ರಿಸ್ಟಲ್ ಕ್ಯಾವಿಟಿ’ ಅನ್ನೋದನ್ನು ಆರಿಸಿಕೊಂಡಿದ್ದಾಳೆ. ಏನಮ್ಮಾ ಅದು ಅಂದರೆ, ‘ಸಿಲಿಕಾನ್ ಹಾಳೆಗೆ ತೂತು ಕೊರೆದು ಬೆಳಕನ್ನ ಕೂಡಿಹಾಕೋದು ಅಪ್ಪಾ’ ಅಂತಾಳೆ. ತೂತು ಕೊರೆದರೆ ಇದ್ದದ್ದೂ ಸೋರಿಹೋಗಲ್ಲವೇ? ಎರಡು ಕನ್ನಡಿ ಎದುರುಬದುರು ಇಟ್ಟರೆ ಸಾಲದೇ?
– ಓದುಗರು, ಮಲ್ಲೇಶ್ವರ

ಉತ್ತರ: ಮುಂದಿನ ಸಲ ಕಟಿಂಗ್‌ಗೆ ಹೋದಾಗ ಸಲೂನಿನ ಕನ್ನಡಿಗಳನ್ನು ಸ್ವಲ್ಪ ನಿಧಾನವಾಗಿ ನೋಡಿ. ಮುಂದೊಂದು, ಹಿಂದೊಂದು. ಒಳಗೆ ನಿಮ್ಮದೇ ತಲೆಗಳ ಸಾಲು. ದೂರ ಹೋದಂತೆ ತಲೆಗಳು ಮಬ್ಬಾಗುತ್ತವೆ, ಗಾಜಿನ ಹಸಿರು ಛಾಯೆ ಹತ್ತುತ್ತದೆ. ಕನ್ನಡಿ ಪ್ರತಿ ಸಲ ನೂರಕ್ಕೆ ಹತ್ತು ಪಾಲು ಬೆಳಕು ನುಂಗುತ್ತದೆ ಅಂದುಕೊಳ್ಳಿ. ಐವತ್ತು ಸಲ ಪುಟಿದ ಮೇಲೆ ಉಳಿಯುವುದು ಸಾವಿರದಲ್ಲಿ ಐದೇ ಪಾಲು. ಬೆಳಕಿನ ವೇಗಕ್ಕೆ ಆ ಐವತ್ತು ಸಲ ಮುಗಿಯಲು ಕಣ್ಣು ಮಿಟುಕಿಸುವಷ್ಟು ಹೊತ್ತೂ ಬೇಡ.

ನಿಮ್ಮ ಮಗಳ ಹಾಳೆಯನ್ನು ಬೂಂದಿ ಕರಿಯುವ ಜಾಲರಿ ಅಂದುಕೊಳ್ಳಿ. ಆದರೆ ದಪ್ಪ ಸುಮಾರು 220 ನ್ಯಾನೋಮೀಟರ್, ಒಂದು ತೂತಿನಿಂದ ಪಕ್ಕದ ತೂತಿಗೆ ಸುಮಾರು 420 ನ್ಯಾನೋಮೀಟರ್. ಒಂದು ತಲೆಗೂದಲಿನ ಅಗಲದಲ್ಲಿ ನೂರೈವತ್ತು ತೂತು ಹಿಡಿಸುತ್ತದೆ. ಬೆಳಕು ಪ್ರತಿ ತೂತಿನ ಬಳಿಯೂ ಒಂದಿಷ್ಟು ಹಿಂದಕ್ಕೆ ಚೆಲ್ಲುತ್ತದೆ. ತೂತುಗಳ ಅಂತರ ಬೆಳಕಿನ ಅಲೆಯುದ್ದಕ್ಕೆ ಹೊಂದಿದರೆ ಈ ಚಿಲ್ಲರೆ ಪ್ರತಿಫಲನಗಳೆಲ್ಲ ಭಜನೆಯ ತಾಳದ ಹಾಗೆ ಒಂದೇ ಗತಿಯಲ್ಲಿ ಕೂಡಿಕೊಳ್ಳುತ್ತವೆ. ಆಗ ಒಂದು ಶ್ರೇಣಿಯ ಬಣ್ಣಗಳಿಗೆ ಆ ಹಾಳೆಯೊಳಗೆ ಹರಿಯಲು ದಾರಿಯೇ ಇಲ್ಲ. ಈ ವಿಚಾರವನ್ನು 1987ರಲ್ಲಿ ಎಲಿ ಯಾಬ್ಲೊನೊವಿಚ್ ಮತ್ತು ಭಾರತ ಮೂಲದ ಸಜೀವ್ ಜಾನ್ ಬೇರೆ ಬೇರೆಯಾಗಿಯೇ ಮುಂದಿಟ್ಟರು. ಈಗ ನಡುವೆ ಮೂರು ತೂತು ಕೊರೆಯದೆ ಬಿಟ್ಟುಬಿಡಿ. ಸುತ್ತ ಹರಿಯಲಾಗದ ಬೆಳಕು ಆ ಮೂರು ತೂತಿನ ಜಾಗದಲ್ಲಿ ಸಿಕ್ಕಿಬೀಳುತ್ತದೆ. ಅದೇ ಕ್ಯಾವಿಟಿ.

ಆದರೂ ನಿಮ್ಮ ಅನುಮಾನ ಪೂರ್ತಿ ಸುಳ್ಳಲ್ಲ. ಬೆಳಕು ಸೋರುತ್ತದೆ, ತೂತಿನ ಕಡೆಗಲ್ಲ, ಮೇಲಕ್ಕೆ ಮತ್ತು ಕೆಳಕ್ಕೆ! ಅಲ್ಲಿ ಅದನ್ನು ತಡೆಯುವುದು ಸಿಲಿಕಾನ್–ಗಾಳಿಯ ಗಡಿಯಲ್ಲಾಗುವ ಪೂರ್ಣ ಆಂತರಿಕ ಪ್ರತಿಫಲನ ಮಾತ್ರ. ಓರೆಯಾಗಿ ಬಡಿದ ಬೆಳಕು ಒಳಕ್ಕೆ ಮರಳುತ್ತದೆ, ನೇರವಾಗಿ ಬಡಿದದ್ದು ಹೊರಕ್ಕೆ.

ಎಷ್ಟು ಚೆನ್ನಾಗಿ ಹಿಡಿದಿದ್ದೇವೆ ಅನ್ನುವುದನ್ನು ‘ಕ್ಯೂ’ ಎಂಬ ಅಂಕಿಯಲ್ಲಿ ಹೇಳುತ್ತಾರೆ. ಪೂಜೆಯ ಗಂಟೆಯನ್ನು ಹಿಡಿಯಲ್ಲಿ ಹಿಡಿದು ಬಾರಿಸಿದರೆ ನಾದ ಉಳಿಯುತ್ತದೆ, ಮೈ ಮುಟ್ಟಿದರೆ ಸಾಯುತ್ತದೆ. ನಾದ ಸಾಯುವ ಮುನ್ನ ಎಷ್ಟು ಕಂಪನ ಅನ್ನುವುದೇ ಸ್ಥೂಲವಾಗಿ ಕ್ಯೂ. 2003ರಲ್ಲಿ ಕ್ಯೋಟೋ ವಿಶ್ವವಿದ್ಯಾಲಯದ ಸುಸುಮು ನೋಡಾ ಅವರ ತಂಡ ಕ್ಯಾವಿಟಿಯ ಎರಡು ತುದಿಯ ತೂತುಗಳನ್ನು ಸುಮಾರು 60 ನ್ಯಾನೋಮೀಟರ್ ಆಚೆಗೆ ಸರಿಸಿತು, ಅಷ್ಟೆ. ಕ್ಯೂ 45,000ಕ್ಕೆ ಹಾರಿತು.

ನನಗೆ ಈ ಇಡೀ ವಿಷಯದಲ್ಲಿ ಅತ್ಯಂತ ಚೆಂದ ಕಾಣುವುದು ಇದೇ. ಮೆಜೆಸ್ಟಿಕ್ ಬಸ್ಸಿನಲ್ಲಿ ನಿಂತು ಹೋಗಿದ್ದೀರಲ್ಲ? ಡ್ರೈವರ್ ಗಕ್ಕನೆ ಬ್ರೇಕ್ ಹಾಕಿದರೆ ಜನ ಮುಗ್ಗರಿಸುತ್ತಾರೆ. ಹದವಾಗಿ ನಿಲ್ಲಿಸಿದರೆ ಕಂಬಿ ಹಿಡಿಯದವರೂ ನಿಂತೇ ಇರುತ್ತಾರೆ. ಬಸ್ಸು ನಿಲ್ಲುವುದು ಎರಡರಲ್ಲೂ ನಿಜ. ಬೆಳಕನ್ನು ಅಂಚಿನಲ್ಲಿ ಗಕ್ಕನೆ ತಡೆದರೆ ಅದರ ಒಂದು ಭಾಗ ದಿಕ್ಕು ಕೆಟ್ಟು ಮೇಲಕ್ಕೆ ಚಿಮ್ಮುತ್ತದೆ. ತೂತು ತುಸು ಸರಿದಾಗ ತಡೆ ಹದವಾಯಿತು, ಚಿಮ್ಮುವುದು ತಗ್ಗಿತು. ಇದೇ ಹಾದಿಯಲ್ಲಿ ಹೋದ ಅದೇ ವಿಶ್ವವಿದ್ಯಾಲಯದವರು 2017ರ ಹೊತ್ತಿಗೆ ಒಂದು ಕೋಟಿ ಹತ್ತು ಲಕ್ಷದ ಕ್ಯೂ ಮುಟ್ಟಿದರು. ಅಂದರೆ ಬೆಳಕು ಒಂಬತ್ತು ನ್ಯಾನೋಸೆಕೆಂಡಿನಷ್ಟು ಒಳಗೇ ಉಳಿಯುತ್ತದೆ. ಇದೇನು ಮಹಾ ಅನ್ನಬೇಡಿ. ಆ ಹೊತ್ತಿನಲ್ಲಿ ಬಯಲಿನ ಬೆಳಕು 2.7 ಮೀಟರ್ ಓಡಿರುತ್ತದೆ. ಇಲ್ಲಿ ಅದು ಕೂತಿರುವ ಜಾಗವೋ, ಒಂದು ಮೈಕ್ರೋಮೀಟರ್ ಆಸುಪಾಸಿನದು.

ಪ್ರಶ್ನೆ: ಹಾಗಾದರೆ ಕ್ಯೂ ಹೆಚ್ಚಾದಷ್ಟೂ ಒಳ್ಳೆಯದೇ? ನಮ್ಮ ಗೈಡ್ ಹೆಚ್ಚಿಸಿ, ಇನ್ನೂ ಹೆಚ್ಚಿಸಿ ಅನ್ನುತ್ತಲೇ ಇರುತ್ತಾರೆ.
– ಸಂಶೋಧನಾ ವಿದ್ಯಾರ್ಥಿನಿ, ಯಶವಂತಪುರ

ಉತ್ತರ: ಯಾವ ಕೆಲಸಕ್ಕೆ ಅಂತ ಗೈಡನ್ನೇ ಕೇಳಮ್ಮ. ಸಿಲಿಕಾನ್ ಕ್ಯಾವಿಟಿಯ ಬಣ್ಣ ಒಂದು ಡಿಗ್ರಿ ಬಿಸಿಗೆ ಸುಮಾರು 0.075 ನ್ಯಾನೋಮೀಟರ್ ಜಾರುತ್ತದೆ. ಒಂದು ಕೋಟಿ ಹತ್ತು ಲಕ್ಷದ ಕ್ಯೂ ಇದ್ದರೆ ಕ್ಯಾವಿಟಿ ಹಿಡಿಯುವ ಬಣ್ಣದ ಪಟ್ಟಿ, ಅಂದರೆ ಗೆರೆ, ಅದರ ಅಗಲವೇ 0.00014 ನ್ಯಾನೋಮೀಟರ್. ಡಿಗ್ರಿಯ ಐನೂರರಲ್ಲೊಂದು ಪಾಲು ಬಿಸಿ ಏರಿದರೂ ಗೆರೆ ತನ್ನ ಅಗಲದಷ್ಟು ಸರಿದುಬಿಡುತ್ತದೆ. ಬೆಳಿಗ್ಗೆ ಸ್ವೆಟರ್, ಮಧ್ಯಾಹ್ನ ಫ್ಯಾನ್ ಅನ್ನುವ ನಮ್ಮೂರಿನಲ್ಲಿ ತಾಪ ಕಾಯುವ ಏರ್ಪಾಡಿಲ್ಲದೆ ಅದನ್ನು ಅಳೆಯುವುದು ಹರಸಾಹಸ.

ಸೆಕೆಂಡಿಗೆ 10 ಗಿಗಾಬಿಟ್ ಮಾಹಿತಿ ದಾಟಿಸಬೇಕಾದರೆ ಅಷ್ಟು ಕಿರಿದಾದ ಗೆರೆಯಲ್ಲಿ ಅದು ತೂರುವುದೇ ಇಲ್ಲ. ಹತ್ತು ಸಾವಿರದ ಆಸುಪಾಸಿನ ಕ್ಯೂ ಸಾಕು. ನೀರಿನಲ್ಲಿ ಮುಳುಗಿಸಿ ಪ್ರೋಟೀನ್ ಪತ್ತೆಮಾಡುವ ಸೆನ್ಸರ್ ಆದರೆ, 1.55 ಮೈಕ್ರೋಮೀಟರ್ ಬೆಳಕನ್ನು ನೀರೇ ಹೀರಿಕೊಳ್ಳುತ್ತದೆ, ಕೆಲವು ಹತ್ತು ಸಾವಿರ ದಾಟುವುದೂ ಕಷ್ಟ.

ಭಾರಿ ಕ್ಯೂ ನಿಜವಾಗಿ ಬೇಕಾಗುವ ಕಡೆಯೂ ಇದೆ. ಒಂದು ಉದಾಹರಣೆ ನಿಮ್ಮ ಪಕ್ಕದ ಬಡಾವಣೆಗೇ ನಂಟಾದದ್ದು. ಸಿಲಿಕಾನ್ ತಾನಾಗಿ ಬೆಳಕು ಹೊಮ್ಮಿಸುವುದರಲ್ಲಿ ಬಲು ಜಿಪುಣ, ಹಾಗಾಗಿ ಅದರಿಂದ ಲೇಸರ್ ಮಾಡುವುದು ತಲೆನೋವು. ಆದರೆ ಅದರ ಪರಮಾಣುಗಳ ಕಂಪನದಿಂದ ಬೆಳಕಿನ ಆವರ್ತನ 15.6 ಟೆರಾಹರ್ಟ್ಸ್ ಇಳಿಯುತ್ತದೆ: ರಾಮನ್ 1928ರಲ್ಲಿ ಕಂಡ ಪರಿಣಾಮವೇ. ಒಂದೇ ಕ್ಯಾವಿಟಿಯಲ್ಲಿ ಸರಿಯಾಗಿ ಅಷ್ಟೇ ಅಂತರದ ಎರಡು ಬಣ್ಣಗಳನ್ನು ಹಿಡಿದು, 2013ರಲ್ಲಿ ಜಪಾನಿನ ಸಂಶೋಧಕರು ಒಂದೇ ಮೈಕ್ರೋವ್ಯಾಟ್ ಆಸುಪಾಸಿನಲ್ಲಿ ಹೊತ್ತಿಕೊಳ್ಳುವ ಸಿಲಿಕಾನ್ ಲೇಸರ್ ಮಾಡಿದರು. ತರಗತಿಯಲ್ಲಿ ಮೇಷ್ಟ್ರು ಹಿಡಿಯುವ ಲೇಸರ್ ಪಾಯಿಂಟರ್‌ನ ಸಾವಿರದಲ್ಲೊಂದು ಪಾಲು. ಸದಾಶಿವನಗರದ ರಾಮನ್ ಸಂಶೋಧನಾ ಸಂಸ್ಥೆಯ ಮುಂದೆ ಹಾದುಹೋದಾಗಲೆಲ್ಲ ನನಗಿದು ನೆನಪಾಗುತ್ತದೆ.

ಇನ್ನೊಂದು, ಒಂಟಿ ಫೋಟಾನಿನ, ಅಂದರೆ ಬೆಳಕಿನ ಒಂದೇ ಒಂದು ಕಣದ ವ್ಯವಹಾರ. ಪರಮಾಣುವೊಂದು ಬೆಳಕು ಹೊಮ್ಮಿಸುವ ಚುರುಕು ಅದು ಕೂತ ಕ್ಯಾವಿಟಿಯನ್ನು ಅವಲಂಬಿಸುತ್ತದೆ ಎಂದು ಭೌತವಿಜ್ಞಾನಿ ಪರ್ಸೆಲ್ 1946ರಲ್ಲೇ ಹೇಳಿದ್ದರು. ಕ್ಯೂ ಹೆಚ್ಚಿರಬೇಕು, ಜಾಗ ಕಿರಿದಿರಬೇಕು. ಎರಡನ್ನೂ ಒಟ್ಟಿಗೆ ಕೊಡುವುದರಲ್ಲಿ ಈ ತೂತಿನ ಹಾಳೆಗೆ ಸರಿಸಾಟಿ ಕಡಿಮೆ. ಕ್ವಾಂಟಮ್ ಸಂಶೋಧಕರು ಇದರ ಬೆನ್ನು ಬಿದ್ದಿರುವುದು ಅದಕ್ಕೇ.

ಪ್ರಶ್ನೆ: ಇದು ಎಲೆಕ್ಟ್ರಾನಿಕ್ ಬಿಡಿಭಾಗ ಮಾರುವ ಎಸ್.ಪಿ. ರೋಡಿನಲ್ಲಿ ಸಿಗುತ್ತದೆಯೇ?
– ಹವ್ಯಾಸಿ, ವಿಜಯನಗರ

ಉತ್ತರ: ಇಲ್ಲ ಸ್ವಾಮಿ! ಎಲೆಕ್ಟ್ರಾನ್ ಕಿರಣದಿಂದ ಬರೆದು, ಪ್ಲಾಸ್ಮಾದಲ್ಲಿ ಕೊರೆದು, ಅಡಿಯ ಗಾಜಿನ ಪದರವನ್ನು ಆಮ್ಲದಲ್ಲಿ ಕರಗಿಸಿ ಹಾಳೆಯನ್ನು ಗಾಳಿಯಲ್ಲಿ ತೂಗುಬಿಡಬೇಕು. ಒಂದು ತೂತು ಒಂದೆರಡು ನ್ಯಾನೋಮೀಟರ್ ಅಗಲವಾದರೂ ಬಣ್ಣ ಬೇರೆ. ನೋಡುವ ಆಸೆಯಿದ್ದರೆ ಭಾರತೀಯ ವಿಜ್ಞಾನ ಸಂಸ್ಥೆ ವರ್ಷಕ್ಕೊಮ್ಮೆ ಸಾರ್ವಜನಿಕರಿಗೆ ಬಾಗಿಲು ತೆರೆಯುವ ದಿನ ಹೋಗಿ, ನ್ಯಾನೊ ವಿಜ್ಞಾನ ಕೇಂದ್ರ ಎಲ್ಲಿ ಅಂತ ಕೇಳಿ. ಇಂಥ ಕೆಲಸ ನಡೆಯುವ ಕೋಣೆಗಳಲ್ಲಿ ಹಳದಿ ದೀಪ ಉರಿಯುತ್ತಿರುತ್ತದೆ, ಒಳಗಿರುವವರು ಕಣ್ಣೊಂದು ಬಿಟ್ಟು ಮೈಯೆಲ್ಲ ಮುಚ್ಚಿಕೊಂಡಿರುತ್ತಾರೆ. ಬೇಗ ಹೋಗಿ, ಅಂದು ಗೇಟಿನ ಹತ್ತಿರ ಗಾಡಿ ನಿಲ್ಲಿಸಲು ಜಾಗ ಸಿಗುವುದಿಲ್ಲ.