ಕಟ್‌ಗಳನ್ನು ಎಣಿಸಿ, ಆಮೇಲೆ ಬರೆಯಿರಿ

ಪ್ರಿಯ ಲೇಖಕರಿಗೆ,

ನಮಸ್ಕಾರ. ಆ್ಯಕ್ಷನ್ ಸಿನಿಮಾಗಳ ಟ್ರೇಲರ್‌ಗಳು ಕ್ಯಾಮೆರಾ ಮತ್ತು ಸಂಕಲನದಿಂದ ನೋಡುವವರನ್ನು ಹೇಗೆ ತುದಿಗಾಲಲ್ಲಿ ನಿಲ್ಲಿಸುತ್ತವೆ ಎಂಬ ನಿಮ್ಮ ಲೇಖನ ತಲುಪಿತು. ಭಾಷೆ ಚೊಕ್ಕವಾಗಿದೆ, ಕಾಗುಣಿತದ ತಪ್ಪಿಲ್ಲ, ಆರಿಸಿಕೊಂಡ ವಿಷಯವೂ ಒಳ್ಳೆಯದು. ಆದರೆ ಈ ರೂಪದಲ್ಲಿ ಅದನ್ನು ಪ್ರಕಟಿಸಲಾರೆ. ಎರಡು ಸಾಲಿನ ವಿಷಾದಪತ್ರ ಕಳಿಸಿ ಮುಗಿಸಬಹುದಿತ್ತು. ಹಾಗೆ ಮಾಡದಿರಲು ಕಾರಣ ನಾಲ್ಕನೇ ಪುಟದ ಒಂದು ಅರ್ಧ ವಾಕ್ಯ. ಅದನ್ನು ಓದಿದ ಮೇಲೆ ಉಳಿದ ಮೂರೂವರೆ ಪುಟದ ಮೇಲೆ ನನಗೆ ಸಿಟ್ಟು ಬಂತು. ಆ ವಾಕ್ಯಕ್ಕೆ ಆಮೇಲೆ ಬರುತ್ತೇನೆ.

ಮೊದಲು ಎರಡನೇ ಪ್ಯಾರಾ. “ಕ್ಯಾಮೆರಾ ರೋಚಕ ಕೋನಗಳಲ್ಲಿ ನಾಯಕನನ್ನು ಸೆರೆಹಿಡಿದಿದ್ದು, ಪ್ರೇಕ್ಷಕ ಉಸಿರು ಬಿಗಿಹಿಡಿಯುವಂತಾಗುತ್ತದೆ” ಎಂದು ಬರೆದಿದ್ದೀರಿ.

ರೋಚಕ ಕೋನ ಎಂಬುದೊಂದು ಕೋನವಿಲ್ಲ. ಕ್ಯಾಮೆರಾ ಮೊಣಕಾಲೆತ್ತರದಲ್ಲಿತ್ತೇ, ಎದೆಮಟ್ಟದಲ್ಲಿತ್ತೇ, ಮಹಡಿಯ ಮೇಲಿತ್ತೇ? ಹಾಕಿದ್ದು ಅಗಲ ನೋಟದ ವೈಡ್ ಲೆನ್ಸೋ, ದೂರದ್ದನ್ನು ಹತ್ತಿರ ತರುವ ಟೆಲಿ ಲೆನ್ಸೋ? ಇಷ್ಟನ್ನೂ ಹೇಳದಿದ್ದರೆ ಓದುವವರ ಕಣ್ಣ ಮುಂದೆ ಏನೂ ಮೂಡುವುದಿಲ್ಲ. 24 ಎಂಎಂ ವೈಡ್ ಲೆನ್ಸ್ ಹಾಕಿ ಕ್ಯಾಮೆರಾವನ್ನು ನೆಲದಿಂದ ಒಂದಡಿ ಮೇಲಿಟ್ಟರೆ ಹತ್ತಿರವಿರುವ ಬೂಟು ಮತ್ತು ಕೈಯಲ್ಲಿನ ಮಚ್ಚು ದೊಡ್ಡದಾಗುತ್ತವೆ, ಮುಖ ಎಲ್ಲೋ ಮೇಲೆ ಸಣ್ಣದಾಗಿ ಉಳಿಯುತ್ತದೆ. ನಡೆದು ಬರುವವನು ಕೊನೆಯ ಎರಡು ಹೆಜ್ಜೆಯಲ್ಲಿ ಇಡೀ ಪರದೆ ತುಂಬಿಬಿಡುತ್ತಾನೆ. ಅದೇ ಮನುಷ್ಯನನ್ನು ದೂರದಿಂದ 200 ಎಂಎಂ ಟೆಲಿ ಲೆನ್ಸಿನಲ್ಲಿ ಹಿಡಿಯಿರಿ. ಮೂರು ಸೆಕೆಂಡು ಜೀವ ಬಿಟ್ಟು ಓಡಿದರೂ ಪರದೆಯಲ್ಲಿ ಅವನು ಬೆಳೆಯುವುದೇ ಇಲ್ಲ, ಹಿಂದೆ ಸಾಕಷ್ಟು ದೂರದಲ್ಲಿರುವ ಲಾರಿ ಅವನ ಕುತ್ತಿಗೆಗೇ ಬಂದಂತೆ ಕಾಣುತ್ತದೆ. ಮೊದಲ ಶಾಟಿನಲ್ಲಿ ನಮಗೆ ಅವನನ್ನು ಕಂಡರೆ ಭಯ. ಎರಡನೆಯದರಲ್ಲಿ ಅವನಿಗೆ ಏನಾಗುತ್ತದೋ ಎಂಬ ಭಯ. ನಿಮ್ಮ “ರೋಚಕ” ಈ ಎರಡನ್ನೂ ಒಂದೇ ಚೀಲಕ್ಕೆ ತುಂಬಿದೆ.

ಅದರ ಮುಂದಿನ ಸಾಲು: “ನಡುಗುವ ಕ್ಯಾಮೆರಾ ನಮ್ಮನ್ನು ಯುದ್ಧರಂಗಕ್ಕೇ ಕರೆದೊಯ್ಯುತ್ತದೆ.” ಮದುವೆ ವಿಡಿಯೊದಲ್ಲೂ ಕ್ಯಾಮೆರಾ ನಡುಗುತ್ತದೆ, ಯಾರೂ ಯುದ್ಧಕ್ಕೆ ಹೋಗುವುದಿಲ್ಲ. ಇಲ್ಲಿ ನೀವು ಶಟರ್ ನೋಡಬೇಕಿತ್ತು, ಅಂದರೆ ಪ್ರತಿ ಫ್ರೇಮಿಗೆ, ಒಂದೊಂದು ಬಿಡಿ ಚಿತ್ರಕ್ಕೆ, ಬೆಳಕು ಬಿಡುವ ಬಾಗಿಲನ್ನು. ಅದು ಎಷ್ಟು ಹೊತ್ತು ತೆರೆದಿರುತ್ತದೆ ಎಂಬುದನ್ನು ಡಿಗ್ರಿಯಲ್ಲಿ ಹೇಳುತ್ತಾರೆ. ಸೆಕೆಂಡಿಗೆ 24 ಫ್ರೇಮಿನಲ್ಲಿ, 180 ಡಿಗ್ರಿ ಶಟರಿನಲ್ಲಿ, ಪ್ರತಿ ಫ್ರೇಮಿಗೂ ಸೆಕೆಂಡಿನ 48ನೇ ಒಂದು ಭಾಗದಷ್ಟು ಬೆಳಕು ಸಿಗುತ್ತದೆ. ಬೀಸುವ ಕೈ ಹಿತವಾಗಿ ಮಸುಕಾಗುತ್ತದೆ, ಚಲನೆ ನಯವಾಗಿ ಕಾಣುತ್ತದೆ. ಶಟರನ್ನು 45 ಡಿಗ್ರಿಗೆ ಇಳಿಸಿದರೆ ಆ ಅವಧಿ 192ನೇ ಒಂದು ಭಾಗಕ್ಕೆ ಕುಗ್ಗುತ್ತದೆ. ಮಸುಕು ಹೋಗಿ ಪ್ರತಿ ಮಣ್ಣಿನ ಹೆಂಟೆ, ಪ್ರತಿ ಗಾಜಿನ ಚೂರು ಚೂಪಾಗಿ, ತುಂಡುತುಂಡಾಗಿ ಕಾಣತೊಡಗುತ್ತದೆ. 1998ರ ‘ಸೇವಿಂಗ್ ಪ್ರೈವೇಟ್ ರಯಾನ್’ ಚಿತ್ರದ ಕಡಲತೀರದ ಯುದ್ಧದಲ್ಲಿ ಛಾಯಾಗ್ರಾಹಕ ಯಾನುಶ್ ಕಮಿನ್ಸ್ಕಿ 45 ಮತ್ತು 90 ಡಿಗ್ರಿ ಶಟರ್ ಬಳಸಿದ್ದು ಇದಕ್ಕೇ. ನಡುಕಕ್ಕೆ ಈ ಚೂಪು ಸೇರಿದಾಗ ಅದು ಯುದ್ಧವಾಗುತ್ತದೆ. ಪೌಸ್ ಒತ್ತಿ ಒಂದು ಫ್ರೇಮ್ ನೋಡಿದರೆ ಸಾಕು, ಬೀಸಿದ ಕೈ ಮಸುಕೋ ಚೂಪೋ ಅಂತ ತಿಳಿಯುತ್ತದೆ. ಇದಕ್ಕೆ ಯಾವ ಉಪಕರಣವೂ ಬೇಡ.

ಮುಖದ ಕಡೆಗೆ ನಿಧಾನವಾಗಿ ಸರಿಯುವ ಟ್ರಾಲಿ ಶಾಟಿನ (ಚಕ್ರದ ಗಾಡಿಯ ಮೇಲೆ ಕ್ಯಾಮೆರಾ ಇಟ್ಟು ತೆಗೆದ ಶಾಟಿನ) ಬಗ್ಗೆ “ಭಾವತೀವ್ರತೆ” ಎಂದಷ್ಟೇ ಬರೆದು ಮುಂದೆ ಹೋಗಿದ್ದೀರಿ. ಟ್ರೇಲರ್ ಕತ್ತರಿಸುವವರ ಜಾಣತನ ಇರುವುದೇ ಅಲ್ಲಿ. ಟ್ರಾಲಿ ಹೊರಟಿತೆಂದರೆ ಅದು ಎಲ್ಲಿಗೋ ತಲುಪುತ್ತದೆ, ತಲುಪಿದಾಗ ಏನೋ ಆಗುತ್ತದೆ ಎಂದು ಕಣ್ಣು ಕಾಯುತ್ತದೆ. ಸಿನಿಮಾದಲ್ಲಿ ಟ್ರಾಲಿ ತಲುಪುತ್ತದೆ, ಪಾತ್ರ ಮಾತಾಡುತ್ತದೆ. ಟ್ರೇಲರಿನಲ್ಲಿ ಅದೇ ಶಾಟಿನ ತಲೆ ಮತ್ತು ಬಾಲ ಎರಡನ್ನೂ ಕತ್ತರಿಸಿ, ಸರಿಯುತ್ತಿರುವ ನಡುವಿನ ತುಂಡನ್ನಷ್ಟೇ ಇಡುತ್ತಾರೆ. ಹೊರಟಿದ್ದೂ ಕಾಣುವುದಿಲ್ಲ, ನಿಂತಿದ್ದೂ ಕಾಣುವುದಿಲ್ಲ. ಟ್ರಾಲಿ ನಿಂತ ಮೇಲೆ ಹತ್ತು ಫ್ರೇಮ್ ಹೆಚ್ಚು ಉಳಿಸಿದರೂ ಕಣ್ಣಿಗೆ ಉತ್ತರ ಸಿಕ್ಕಿದಂತಾಗಿ ಬಿಗಿ ಸಡಿಲುತ್ತದೆ. ಮಗಳನ್ನು ನೆನೆದು ಅಳುವ ತಂದೆಯ ಶಾಟನ್ನೇ ಹೀಗೆ ನಡುವೆ ಕತ್ತರಿಸಿ, ಮುಂದೆ ಉರಿಯುವ ಮನೆಯನ್ನಿಟ್ಟರೆ, ಅದು ಸೇಡಿನ ಶಾಟ್ ಆಗುತ್ತದೆ.

ಇನ್ನು ನನ್ನನ್ನು ನಿಜವಾಗಿ ಕೆರಳಿಸಿದ ವಾಕ್ಯ: “ಮಿಂಚಿನ ವೇಗದ ಸಂಕಲನ ಉದ್ವೇಗವನ್ನು ಮುಗಿಲಿಗೇರಿಸುತ್ತದೆ.” ಇದನ್ನು ನೀವೊಬ್ಬರೇ ಬರೆಯುತ್ತಿಲ್ಲ, ಸಿನಿಮಾ ಬಗ್ಗೆ ಬರೆಯುವ ಹತ್ತರಲ್ಲಿ ಎಂಟು ಮಂದಿ ಬರೆಯುತ್ತಾರೆ. ವೇಗದಿಂದ ಅಬ್ಬರ ಹುಟ್ಟುತ್ತದೆ, ನಿಜ. ಉದ್ವೇಗಕ್ಕೆ ಕಾಯುವಿಕೆ ಬೇಕು, ಕಾಯಲು ಹೊತ್ತು ಬೇಕು.

ಲೆಕ್ಕ ಹಾಕಿ ನೋಡಿ. ಎಲ್ಲ ಶಾಟುಗಳೂ 12 ಫ್ರೇಮಿನವು ಎಂದಿಟ್ಟುಕೊಳ್ಳಿ, ಸೆಕೆಂಡಿಗೆ ಎರಡರಂತೆ. ಹತ್ತು ಸೆಕೆಂಡಿನಲ್ಲಿ ಇಪ್ಪತ್ತು ಶಾಟ್ ಹೋದವು. ಅಷ್ಟು ಹೊತ್ತಿಗೆ ಕಣ್ಣು ಆ ತಾಳಕ್ಕೆ ಒಗ್ಗಿ ಹೋಗಿರುತ್ತದೆ, ಇಪ್ಪತ್ತೊಂದನೆಯದು ಏನನ್ನೂ ಸೇರಿಸುವುದಿಲ್ಲ. ಬದಲಿಗೆ 48, 36, 24, 18, 12, 8, 6 ಫ್ರೇಮುಗಳ ಏಳು ಶಾಟ್ ಜೋಡಿಸಿ. ಒಟ್ಟು 152 ಫ್ರೇಮ್, ಆರು ಸೆಕೆಂಡಿಗೆ ತುಸು ಹೆಚ್ಚು. ಶಾಟು ಶಾಟಿಗೂ ನೋಡುವ ಸಮಯ ಕಿರಿದಾಗುತ್ತಿದೆ ಎಂಬುದು ಮೈಗೆ ಗೊತ್ತಾಗುತ್ತದೆ. ಆಮೇಲೆ 18 ಫ್ರೇಮ್ ಕಪ್ಪು. ಅದಾದ ಮೇಲೆ ಅಲುಗಾಡದ ಒಂದು ಮುಖ, ಪೂರ್ತಿ ಮೂರು ಸೆಕೆಂಡು. ಬಿಗಿ ಅತಿ ಹೆಚ್ಚಿರುವುದು ಆ ಮೂರು ಸೆಕೆಂಡಿನ ಮುಖದಲ್ಲಿ. ಅದು ಇಡೀ ಸರಣಿಯಲ್ಲೇ ಅತಿ ಉದ್ದದ ಶಾಟ್.

ವೇಗದ ಕಟ್ ಕೆಡುವುದು ಎಲ್ಲಿ ಎಂಬುದೂ ನಿಮ್ಮ ಲೇಖನದಲ್ಲಿಲ್ಲ. ಹೊಸ ಜಾಗಕ್ಕೆ ಹಾರಲು ಕಣ್ಣಿಗೆ ಸುಮಾರು 200 ಮಿಲಿಸೆಕೆಂಡ್ ಬೇಕು, ಅಂದರೆ ಐದು ಫ್ರೇಮ್. ಒಂದು ಶಾಟಿನಲ್ಲಿ ಮುಷ್ಟಿ ಪರದೆಯ ಬಲತುದಿಯಲ್ಲಿದ್ದು, ಮುಂದಿನ ಶಾಟಿನ ಮುಖ ಎಡತುದಿಯಲ್ಲಿದ್ದರೆ, ಎಂಟು ಫ್ರೇಮಿನ ಆ ಶಾಟಿನಲ್ಲಿ ಐದು ಹುಡುಕಾಟಕ್ಕೇ ಹೋಯಿತು. ನೋಡಲು ಉಳಿದದ್ದು ಮೂರು. “ಏನಾಯಿತೆಂದೇ ತಿಳಿಯಲಿಲ್ಲ” ಎಂದು ಜನ ಹೇಳುವ ಹೊಡೆದಾಟಗಳ ಮುಖ್ಯ ರೋಗ ಇದು.

ನೀವು ಉದಾಹರಣೆಯಾಗಿ ಕೊಟ್ಟ 2015ರ ‘ಮ್ಯಾಡ್ ಮ್ಯಾಕ್ಸ್: ಫ್ಯೂರಿ ರೋಡ್’ ಈ ರೋಗ ತಗುಲದಂತೆ ನೋಡಿಕೊಂಡ ಚಿತ್ರ. “ಕಟ್‌ಗಳ ಸುರಿಮಳೆ” ಎಂದು ನೀವು ಅದನ್ನು ಹೊಗಳಿದ್ದೀರಿ. ನಿರ್ದೇಶಕ ಜಾರ್ಜ್ ಮಿಲ್ಲರ್ ಛಾಯಾಗ್ರಾಹಕ ಜಾನ್ ಸೀಲ್ ಅವರಿಗೆ ಪ್ರತಿ ಶಾಟಿನ ಮುಖ್ಯ ವಸ್ತುವನ್ನು ಚೌಕಟ್ಟಿನ ನಟ್ಟನಡುವೆಯೇ ಇಡಲು ಹೇಳಿದ್ದರು. ಸಂಕಲನಕಾರ್ತಿ ಮಾರ್ಗರೆಟ್ ಸಿಕ್ಸೆಲ್ ಎಷ್ಟೇ ಚುರುಕಾಗಿ ಕತ್ತರಿಸಿದರೂ ಕಣ್ಣು ಇದ್ದ ಜಾಗದಲ್ಲೇ ಇರುತ್ತದೆ, ಹುಡುಕಾಟವಿಲ್ಲ, ಐದು ಫ್ರೇಮಿನ ನಷ್ಟವಿಲ್ಲ. ಥಟ್ಟನೆ ಅರ್ಥವಾಗುವ ಶಾಟುಗಳಿಂದ ಫ್ರೇಮ್ ಕಿತ್ತು ಚುರುಕುಗೊಳಿಸಿದರು, ಅರ್ಥವಾಗದವನ್ನು ತುಸು ಹಿಗ್ಗಿಸಿದರು. ಆ ಚಿತ್ರದಲ್ಲಿ ಸುಮಾರು 2700 ಕಟ್‌ಗಳಿವೆ, ಅವಧಿ 120 ನಿಮಿಷ. ಭಾಗಿಸಿ ನೋಡಿ, ಶಾಟಿಗೆ ಸರಾಸರಿ ಎರಡೂವರೆ ಸೆಕೆಂಡಿಗಿಂತ ಹೆಚ್ಚೇ ಬರುತ್ತದೆ. ನೀವು ಸುರಿಮಳೆ ಎಂದದ್ದು ಇದನ್ನು.

ನಾನು ಈ ಲೆಕ್ಕ ಕಲಿತದ್ದು ಫಿಲ್ಮ್ ಸಂಕಲನ ಮಾಡುವ ಸ್ಟೀನ್‌ಬೆಕ್ ಮೇಜಿನ ಕಾಲದಲ್ಲಿ, ಫಿಲ್ಮನ್ನು ಕೈಯಲ್ಲಿ ಹಿಡಿದು. 35 ಎಂಎಂ ಫಿಲ್ಮಿನ ಒಂದಡಿಗೆ 16 ಫ್ರೇಮ್. ಸೆಕೆಂಡಿಗೆ 24 ಅಂದರೆ ಒಂದೂವರೆ ಅಡಿ, ಸರಿಯಾಗಿ ಒಂದು ಮೊಳ. ಹೂವಾಡಗಿತ್ತಿ ಮಲ್ಲಿಗೆ ಅಳೆದ ಹಾಗೆ ಮೊಣಕೈಯಿಂದ ಬೆರಳತುದಿಗೆ ಫಿಲ್ಮ್ ಹಿಡಿದರೆ ಒಂದು ಸೆಕೆಂಡು, ಒಂದು ಗೇಣಿಗೆ ಅರ್ಧ ಸೆಕೆಂಡು, ನಾಲ್ಕು ಬೆರಳಗಲಕ್ಕೆ ನಾಲ್ಕು ಫ್ರೇಮು. ಮೇಣದ ಪೆನ್ಸಿಲಿನಲ್ಲಿ ಗುರುತು ಹಾಕಿ, ಕತ್ತರಿಸಿ, ಟೇಪು ಅಂಟಿಸುವಾಗ ಪ್ರತಿ ಕಟ್ಟಿಗೂ ಒಂದಿಷ್ಟು ಶ್ರಮ ತಗಲುತ್ತಿತ್ತು. ಅದಕ್ಕೇ ಯಾರೂ ಸುಮ್ಮನೆ ಕತ್ತರಿಸುತ್ತಿರಲಿಲ್ಲ. ಇವತ್ತಿನ ಸಾಫ್ಟ್‌ವೇರಿನಲ್ಲಿ ಆ ಶ್ರಮವಿಲ್ಲ. ಬರೆಯುವವರಾದ ನಮಗಾದರೂ ಆ ಅಳತೆ ಕೈಗೆ ಹತ್ತಿರಬೇಕು.

“ಹಿನ್ನೆಲೆ ಸಂಗೀತವೂ ಸಾಥ್ ನೀಡಿದೆ” ಎಂಬ ಸಾಲನ್ನು ದಯವಿಟ್ಟು ಅಳಿಸಿ. ಟ್ರೇಲರ್ ಕೆಲಸದಲ್ಲಿ ಅನೇಕ ಸಲ ಸಂಗೀತವನ್ನೇ ಮೊದಲು ಹಾಸುತ್ತಾರೆ, ಚಿತ್ರವನ್ನು ಅದರ ಮೇಲೆ ಕತ್ತರಿಸುತ್ತಾರೆ. ಒಂದು ನಿಮಿಷದ 1440 ಫ್ರೇಮನ್ನು ಬಿಪಿಎಂನಿಂದ, ಅಂದರೆ ನಿಮಿಷಕ್ಕೆ ಬೀಳುವ ಬೀಟುಗಳ ಸಂಖ್ಯೆಯಿಂದ, ಭಾಗಿಸಿದರೆ ಒಂದು ಬೀಟಿಗೆ ಎಷ್ಟು ಫ್ರೇಮ್ ಎಂದು ಸಿಗುತ್ತದೆ. 120 ಬಿಪಿಎಂಗೆ 12, 96ಕ್ಕೆ 15, 80ಕ್ಕೆ 18. ಪ್ರತಿ ಬೀಟಿಗೂ ಕತ್ತರಿಸಿದರೆ ಮುಂದಿನ ಕಟ್ ಯಾವಾಗ ಬರುತ್ತದೆಂದು ಮಗುವಿಗೂ ಗೊತ್ತಾಗುತ್ತದೆ. ಆದ್ದರಿಂದ ನಾಲ್ಕು ಬೀಟಿಗೆ ಕತ್ತರಿಸಿ ಐದನೆಯದನ್ನು ಬಿಡುತ್ತಾರೆ. ಇಲ್ಲವೇ ಚಿತ್ರವನ್ನು ಪೆಟ್ಟಿಗಿಂತ ಒಂದೆರಡು ಫ್ರೇಮ್ ಮುಂಚೆ ತರುತ್ತಾರೆ. ಇಲ್ಲವೇ ಮುಂದಿನ ಶಾಟಿನ ಸದ್ದನ್ನು, ಬಂದೂಕಿನ ಕುದುರೆ ಎಳೆಯುವುದನ್ನೋ ಬಾಗಿಲ ಚಿಲಕವನ್ನೋ, ಈ ಶಾಟಿನ ಮೇಲೇ ಹತ್ತು ಫ್ರೇಮ್ ಮೊದಲು ಕೇಳಿಸುತ್ತಾರೆ.

‘ಕೆ.ಜಿ.ಎಫ್: ಚಾಪ್ಟರ್ 2’ ಟೀಸರಿನ ಬಗ್ಗೆ ಒಂದು ಪುಟ ಬರೆದಿದ್ದೀರಿ. 2021ರ ಜನವರಿಯಲ್ಲಿ ಬಂದ ಆ ಟೀಸರನ್ನು ನೋಡದ ಕನ್ನಡಿಗರು ಕಡಿಮೆ. “ಗನ್ನಿನಿಂದ ಸಿಗರೇಟು ಹಚ್ಚುವ ದೃಶ್ಯ ಮೈನವಿರೇಳಿಸುತ್ತದೆ” ಎಂದಿದ್ದೀರಿ. ಏಕೆ? ಗುಂಡಿನ ಮಳೆ ಮುಗಿದಿದೆ, ವಾಹನಗಳು ಚಿಂದಿಯಾಗಿವೆ, ಲೆಕ್ಕಕ್ಕೆ ಬಿಗಿ ಇಳಿಯಬೇಕು. ಆದರೆ ನಳಿಗೆ ಕಾದು ಕೆಂಪಗಿದೆ. ಕಬ್ಬಿಣ ಕಣ್ಣಿಗೆ ಕಾಣುವಷ್ಟು ಕೆಂಪಾಗಬೇಕಾದರೆ 500 ಡಿಗ್ರಿ ಸೆಲ್ಸಿಯಸ್ ದಾಟಬೇಕು. ಎಷ್ಟು ಹೊತ್ತು, ಎಷ್ಟು ಗುಂಡು ಹಾರಿತೆಂಬುದನ್ನು ಕಟ್‌ಗಳು ತೋರಿಸದೆ ಹಾರಿಸಿದ್ದವು. ಆ ಕೆಂಪು ಅದನ್ನೆಲ್ಲ ಒಂದೇ ಶಾಟಿನಲ್ಲಿ ಹೇಳುತ್ತದೆ. ಆ ಬೆಂಕಿಯ ಹತ್ತಿರ ಒಂದು ಮುಖ ಬಾಗುತ್ತದೆ. ಇದನ್ನು ಬರೆಯಿರಿ. ನಳಿಗೆ, ಸಿಗರೇಟು, ಮುಖ ಯಾವ ಕ್ರಮದಲ್ಲಿ ಕಣ್ಣಿಗೆ ಬೀಳುತ್ತವೆ, ಒಂದೊಂದಕ್ಕೂ ಎಷ್ಟು ಫ್ರೇಮ್ ಕೊಟ್ಟಿದ್ದಾರೆ, ಸದ್ದು ಯಾವ ಫ್ರೇಮಿನಲ್ಲಿ ಇಳಿಯುತ್ತದೆ ಎಂಬುದನ್ನು ಬರೆಯಿರಿ. ಓದುವವರ ಮೈನವಿರು ತಾನಾಗಿಯೇ ಏಳುತ್ತದೆ, ನೀವು ಹೇಳುವುದು ಬೇಡ.

ಈಗ ನಾಲ್ಕನೇ ಪುಟದ ಆ ಅರ್ಧ ವಾಕ್ಯ. ಇನ್ನೊಂದು ಟ್ರೇಲರಿನ ಬಗ್ಗೆ ಬರೆಯುತ್ತ, “ಸದ್ದು ನಿಂತಾಗ ಫೋನೇ ಕೆಟ್ಟಿತೆಂದು ನಾನು ಪರದೆ ಒರೆಸಿದೆ” ಎಂದು ಬರೆದು, ಅಲ್ಪವಿರಾಮ ಹಾಕಿ, ನಾಯಕನ ಮೈಕಟ್ಟಿನ ವರ್ಣನೆಗೆ ಹೊರಟುಬಿಟ್ಟಿದ್ದೀರಿ. ಇಡೀ ಲೇಖನದಲ್ಲಿ ನೀವು ನಿಜವಾಗಿ ನೋಡಿದ್ದು ಅದೊಂದನ್ನೇ. ಏರುತ್ತ ಹೋಗುವ ಸದ್ದು ಎಂಟು ಹತ್ತು ಸೆಕೆಂಡು ಕಿವಿಯನ್ನು ಎಳೆದು, ದೊಡ್ಡ ಪೆಟ್ಟು ಬೀಳಬೇಕಾದ ಜಾಗದಲ್ಲಿ ಏನೂ ಬೀಳಿಸದಿದ್ದಾಗ ಹೀಗಾಗುತ್ತದೆ. ಅಲ್ಲಿ ಸದ್ದು ಪೂರ್ತಿ ಸೊನ್ನೆಯಾಗಿತ್ತೇ, ಅಥವಾ ಗಾಳಿಯ ಸುಯ್ಲು, ಯಾರದೋ ಉಸಿರು ಉಳಿದಿತ್ತೇ? ಥಿಯೇಟರಿನಲ್ಲಿ ಪೂರ್ತಿ ಮೌನ ಎರಡು ಸೆಕೆಂಡು ನಿಲ್ಲುತ್ತದೆ, ಏಕೆಂದರೆ ಅಲ್ಲಿ ನೂರಾರು ಜನರ ಉಸಿರು ಆ ಜಾಗ ತುಂಬುತ್ತದೆ. ಫೋನಿನಲ್ಲಿ ಅದೇ ಮೌನ ಒಂದು ಸೆಕೆಂಡು ದಾಟಿದರೆ ಸಾಕು, ನೋಡುವವರು ನಿಮ್ಮ ಹಾಗೆ ಪರದೆ ಒರೆಸುತ್ತಾರೆ. ಫೋನಿಗೂ ಥಿಯೇಟರಿಗೂ ಬೇರೆ ಬೇರೆ ಮೌನ ಬೇಕು ಎಂಬುದೇ ಒಂದು ಲೇಖನ. ಅದು ನಿಮ್ಮ ಕೈಯಲ್ಲಿತ್ತು.

ಹಳೆಯ ಪ್ರತಿಯನ್ನು ತಿದ್ದಲು ಹೋಗಬೇಡಿ. ಆ ಒಂದೇ ಟ್ರೇಲರ್ ತೆಗೆದುಕೊಳ್ಳಿ, ಅದರಲ್ಲೂ ಮೌನದ ಹಿಂದುಮುಂದಿನ ಮೂವತ್ತು ಸೆಕೆಂಡು ಮಾತ್ರ. ಮೊದಲು ಸದ್ದು ಮುಚ್ಚಿ ನೋಡಿ, ಆಮೇಲೆ ಕಣ್ಣು ಮುಚ್ಚಿ ಕೇಳಿ, ಕೊನೆಗೆ ಎರಡನ್ನೂ ಸೇರಿಸಿ. ಕಂಪ್ಯೂಟರಿನಲ್ಲಿ ಯೂಟ್ಯೂಬ್ ನಿಲ್ಲಿಸಿ ಅಲ್ಪವಿರಾಮದ ಕೀಲಿ ಒತ್ತಿದರೆ ಒಂದು ಫ್ರೇಮ್ ಹಿಂದಕ್ಕೆ, ಪೂರ್ಣವಿರಾಮದ ಕೀಲಿ ಒತ್ತಿದರೆ ಒಂದು ಫ್ರೇಮ್ ಮುಂದಕ್ಕೆ ಹೋಗುತ್ತದೆ. ವಿಡಿಯೊ 24 ಫ್ರೇಮಿನದೋ 25 ಅಥವಾ 30ರದೋ ಎಂದು ಮೊದಲೇ ನೋಡಿಕೊಳ್ಳಿ, ಇಲ್ಲದಿದ್ದರೆ ಲೆಕ್ಕವೆಲ್ಲ ತಪ್ಪುತ್ತದೆ. ಗೆರೆ ಹಾಕಿದ ಹಾಳೆಯಲ್ಲಿ ಶಾಟಿನ ಸಂಖ್ಯೆ, ಫ್ರೇಮುಗಳು, ಕ್ಲೋಸಪ್ಪೋ ಲಾಂಗೋ, ಕ್ಯಾಮೆರಾ ಯಾವ ಕಡೆ ಸರಿಯಿತು, ಕಟ್ ಬಿದ್ದಾಗ ಕಣ್ಣು ಎಲ್ಲಿತ್ತು, ಆಗ ಕೇಳಿಸಿದ ಸದ್ದು ಯಾವುದು ಎಂದು ಸಾಲಾಗಿ ಬರೆದುಕೊಳ್ಳಿ. ಮೂವತ್ತು ಸೆಕೆಂಡಿಗೆ ಒಂದು ಸಂಜೆ ಬೇಕಾಗುತ್ತದೆ.

ಲೇಖನ 900 ಪದ ಮೀರದಿರಲಿ. ಅದರ ಜೊತೆ ಆ ಹಾಳೆಯ ಫೋಟೋ ತೆಗೆದು ಕಳಿಸಿ. ನಾನು ಮೊದಲು ಓದುವುದು ಹಾಳೆಯನ್ನು.

ವಿಶ್ವಾಸದಿಂದ,
ಸಂಪಾದಕ