ಪುಟ್ಟ ಪುಸ್ತಕಕ್ಕೆ ಎರಡು ಓದು

ಪ್ರಶ್ನೆ: ಈಚೆಗೆ ಮೂರು ಚಿಕ್ಕ ಪುಸ್ತಕ ಓದಿದೆ. ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ ಅರ್ಧದವರೆಗೆ ಕೆಳಗಿಡಲು ಬಿಡಲಿಲ್ಲ. ಕಥಾನಾಯಕ ಪ್ರಾಣೇಶಾಚಾರ್ಯರು ಅಗ್ರಹಾರ ಬಿಟ್ಟು ಹೊರಟ ಮೇಲೆ ಸಡಿಲವಾಯಿತು. ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಇನ್ನೇನು ವಿಷಯಕ್ಕೆ ಬಂತು ಅನ್ನುವಾಗ ಮುಗಿದೇ ಹೋಯಿತು. ದೇವನೂರ ಮಹಾದೇವ ಅವರ ‘ಒಡಲಾಳ’ದ ಭಾಷೆ ಹಿಡಿತಕ್ಕೆ ಸಿಗದೆ ಇಪ್ಪತ್ತು ಪುಟಕ್ಕೇ ನಿಲ್ಲಿಸಿದೆ. ಹೀಗನ್ನಿಸಿದ್ದು ತಪ್ಪೇ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ಮೂರಕ್ಕೂ ಒಂದೇ ಉತ್ತರ ಹೊಂದುವುದಿಲ್ಲ.

‘ಸಂಸ್ಕಾರ’ದಲ್ಲಿ (1965) ಸಡಿಲವಾದ ಜಾಗವನ್ನು ನೀವು ಸರಿಯಾಗಿಯೇ ಗುರುತಿಸಿದ್ದೀರಿ. ಆದರೆ ಅದು ಯಾಕೆ ಸಡಿಲವಾಯಿತು ಎಂಬುದನ್ನೂ ಹುಡುಕಬೇಕು. ಮೊದಲ ಭಾಗದ ಬಿಗಿ ಎಲ್ಲಿಂದ ಬರುತ್ತದೆ ನೋಡಿ. ದೂರ್ವಾಸಪುರದಲ್ಲಿ ಆಚಾರ ಬಿಟ್ಟ ಬ್ರಾಹ್ಮಣ ನಾರಣಪ್ಪನ ಹೆಣ ಬಿದ್ದಿದೆ. ಅದನ್ನು ಎತ್ತುವವರೆಗೆ ಅಗ್ರಹಾರದಲ್ಲಿ ಯಾರೂ ಉಣ್ಣುವಂತಿಲ್ಲ. ಹೆಣ ನಾರುತ್ತಿದೆ, ಇಲಿಗಳು ಸಾಯುತ್ತಿವೆ. ಅವನು ಇಟ್ಟುಕೊಂಡಿದ್ದ ಚಂದ್ರಿ ಮೈಮೇಲಿನ ಚಿನ್ನ ಬಿಚ್ಚಿಟ್ಟ ಕೂಡಲೇ, ಹೆಣ ಮುಟ್ಟೆವು ಎಂದವರಿಗೇ ಆಸೆ ಹುಟ್ಟುತ್ತದೆ. ಪ್ರತಿ ಪುಟದ ಬೆನ್ನಿಗೂ ಒಂದು ಗಡುವು ಇದೆ. ಚಂದ್ರಿ ರಾತ್ರೋರಾತ್ರಿ ಹೆಣ ಸುಡಿಸಿದ ಮೇಲೆ ಓದುಗರ ಮಟ್ಟಿಗೆ ಆ ಗಡುವು ಮುಗಿಯಿತು. ಪ್ರಾಣೇಶಾಚಾರ್ಯರಿಗೂ ಉಳಿದ ಬ್ರಾಹ್ಮಣರಿಗೂ ಅದು ಗೊತ್ತಿಲ್ಲ. ನಿಮಗೆ ಸಡಿಲವೆನಿಸಿದ್ದು ಇದರ ಪರಿಣಾಮ.

ಎರಡನೆಯ ಸಲ ಓದುವಾಗ ಮೇಳಿಗೆಯ ತೇರಿನ ಭಾಗವನ್ನು ಬೇರೆಯೇ ಒಂದು ಕಥೆ ಎಂಬಂತೆ ನಿಧಾನವಾಗಿ ಓದಿ. ಪುಟ್ಟ ಎಂಬ ಮಾತುಗಾರ ಆಚಾರ್ಯರ ಬೆನ್ನು ಬಿಡುವುದಿಲ್ಲ. ಹೆಂಡತಿ ಸತ್ತ ಸೂತಕದಲ್ಲಿರುವ ಆಚಾರ್ಯರು ದೇವಸ್ಥಾನದ ಪಂಕ್ತಿಗೆ ಬಂದು ಕೂರುತ್ತಾರೆ. ಹಸಿವು, ಮೈಲಿಗೆ, ಯಾರಾದರೂ ಗುರುತು ಹಿಡಿದಾರೆಂಬ ಭಯ, ಮೂರೂ ಒಂದೇ ಎಲೆಯ ಮುಂದೆ. ಬಿಗಿ ಅಲ್ಲಿ ಮತ್ತೆ ಬರುತ್ತದೆ, ಈ ಸಲ ಊರಿನ ಕಡೆಯಿಂದಲ್ಲ, ಒಬ್ಬ ಮನುಷ್ಯನ ಒಳಗಿನಿಂದ. ಆದರೂ ಪುಟ್ಟ ಸಿಗುವ ಮೊದಲು ಆಚಾರ್ಯರು ತಮ್ಮನ್ನೇ ಪ್ರಶ್ನಿಸಿಕೊಳ್ಳುತ್ತ ನಡೆಯುವ ಪುಟಗಳಲ್ಲಿ ಹೇಳಿದ್ದೇ ಮರುಕಳಿಸುತ್ತದೆ ಎಂಬುದು ನಮ್ಮ ಅನಿಸಿಕೆಯೂ ಹೌದು. ದೊಡ್ಡ ಹೆಸರಿನ ಪುಸ್ತಕವೆಂದು ಅದನ್ನು ಹೇಳದೆ ಬಿಡಬೇಕಿಲ್ಲ.

‘ಘಾಚರ್ ಘೋಚರ್’ (2013) ವಿಷಯದಲ್ಲಿ ಮಾತ್ರ ನಿಮ್ಮ ಮಾತು ಒಪ್ಪುವುದು ಕಷ್ಟ. ಅದು ಅರ್ಧಕ್ಕೆ ನಿಂತ ಕಥೆಯಲ್ಲ. ಹೇಳುವವನು ಹೇಳಲಾರದ್ದನ್ನು ನಮ್ಮ ಕೈಗೆ ಬಿಟ್ಟ ಕಥೆ. ನಿರೂಪಕನಿಗೆ ಹೆಸರಿಲ್ಲ, ಚಿಕ್ಕಪ್ಪನ ಮಸಾಲೆ ಕಂಪನಿಯಲ್ಲಿ ಹುದ್ದೆ ಇದೆ, ಕೆಲಸವಿಲ್ಲ. ಕೊನೆಯ ಪುಟ ಓದಿದ ತಕ್ಷಣ ಕಾಫಿ ಹೌಸಿನ ಮೊದಲ ಅಧ್ಯಾಯಕ್ಕೆ ಹಿಂದಿರುಗಿ. ಪೆನ್ಸಿಲ್ ಹಿಡಿದು ಎರಡೇ ಗುರುತು ಹಾಕುತ್ತ ಹೋಗಿ: ಅವನು ‘ನಾನು’ ಎನ್ನಬೇಕಾದಲ್ಲಿ ಮನೆಯವರನ್ನೆಲ್ಲ ಸೇರಿಸಿಕೊಂಡು ‘ನಾವು’ ಎಂದ ಕಡೆ ಒಂದು ಗೆರೆ, ಹೆಂಡತಿ ಅನಿತಾಳ ಮಾತು ಬಂದಾಗ ವಿಷಯ ಬದಲಿಸಿದ ಕಡೆ ಒಂದು ಚುಕ್ಕೆ. ಚಿಕ್ಕಪ್ಪನಿಗೆಂದು ಮಸೂರ್ ಬೇಳೆಯ ಸಾರು ಮಾಡಿ ತಂದ ಹೆಂಗಸನ್ನು ಮನೆಯ ಹೆಂಗಸರು ಬೈದು ಅಟ್ಟುವ ದೃಶ್ಯಕ್ಕೆ ಬಂದಾಗ, ಅವನು ಏನು ಮಾಡುತ್ತಾನೆ ಎಂದಷ್ಟೇ ನೋಡಿ. ಹಳೆಯ ಮನೆಯಲ್ಲಿ ಇರುವೆಗಳ ಮೇಲೆ ಮನೆಮಂದಿಯೆಲ್ಲ ಮುರಿದುಕೊಂಡು ಬೀಳುವ ಪುಟಗಳನ್ನು ಅದರ ಪಕ್ಕದಲ್ಲಿಟ್ಟು ಓದಿ. ಕೊನೆ ಎಲ್ಲಿಗೆ ಹೊರಟಿತ್ತೆಂಬುದು ಆಗ ತಿಳಿಯುತ್ತದೆ. ತಿಳಿದ ಮೇಲೂ ಹಿಡಿಸದಿದ್ದರೆ, ಅದು ನಿಮ್ಮ ಗಟ್ಟಿಯಾದ ಅಭಿಪ್ರಾಯ.

‘ಒಡಲಾಳ’ದ ಮೇಲೆ ಇಪ್ಪತ್ತು ಪುಟಕ್ಕೆ ತೀರ್ಪು ಕೊಡಬೇಡಿ. ಅದು ನಂಜನಗೂಡು-ಚಾಮರಾಜನಗರದ ಕಡೆಯ ಆಡುಮಾತು. ಕಣ್ಣಿನಲ್ಲಿ ಓದಿದರೆ ಅಕ್ಷರ ತಡೆಯುತ್ತದೆ, ಕಿವಿಗೆ ಬಿದ್ದರೆ ಸಲೀಸು. ಮೊದಲ ಹತ್ತು ಪುಟವನ್ನು ಗಟ್ಟಿಯಾಗಿ, ಯಾವ ಪದಕ್ಕೂ ನಿಲ್ಲದೆ ಓದಿ. ಅರ್ಧ ಗಂಟೆ ಸಾಕು. ನಿಘಂಟು ತೆಗೆಯಬೇಡಿ, ಲಯ ಮುರಿಯುತ್ತದೆ. ಜನ ಹೆಚ್ಚಿರುವುದರಿಂದ ಸಾಕವ್ವನ ಹೆಸರನ್ನು ಮೇಲೆ ಬರೆದು, ಮಕ್ಕಳು ಮೊಮ್ಮಕ್ಕಳನ್ನು ಕೆಳಗೆ ಬರೆದ ಒಂದು ಚೀಟಿ ಪುಸ್ತಕದಲ್ಲೇ ಇರಲಿ. ಅವಳ ಕೋಳಿ ಕಳೆದುಹೋದ ರಾದ್ಧಾಂತ ದಾಟಿ, ಸಾಹುಕಾರ ಎತ್ತಪ್ಪನ ಮನೆಯಿಂದ ಕದ್ದು ತಂದ ಕಡಲೆಕಾಯಿಯನ್ನು ಮನೆಮಂದಿಯೆಲ್ಲ ಬೆಂಕಿಯ ಸುತ್ತ ಕೂತು ಬೆಳಗಾಗುವುದರೊಳಗೆ ತಿಂದು ಮುಗಿಸುವ ದೃಶ್ಯದವರೆಗಾದರೂ ಹೋಗಿ. ಹೊಟ್ಟೆತುಂಬ ತಿನ್ನುವ ಸಂಭ್ರಮವೂ ಪೊಲೀಸರ ಭಯವೂ ಒಂದೇ ಉಸಿರಿನಲ್ಲಿ ಬರುವ ಇಂಥ ಬರವಣಿಗೆ ಕನ್ನಡದಲ್ಲಿ ಬಹಳ ಇಲ್ಲ.

ಪ್ರಶ್ನೆ: ನೂರೇ ಪುಟ ಎಂದು ಕೊಂಡ ಒಂದು ಪುಸ್ತಕಕ್ಕೆ ಮೂರು ದಿನ ಹಿಡಿಯಿತು, ನೂರೈವತ್ತು ಪುಟದ ಇನ್ನೊಂದು ಒಂದೇ ಸಂಜೆಗೆ ಮುಗಿಯಿತು. ಪುಟದ ಲೆಕ್ಕ ನಂಬಬಹುದೇ?
— ಓದುಗರೊಬ್ಬರು, ಶಿರಸಿ

ಉತ್ತರ: ಪುಟದ ಸಂಖ್ಯೆಯೊಂದನ್ನೇ ನಂಬಬೇಡಿ. ಪುಸ್ತಕದ ಒಳಗೆ ಪ್ರಕಾಶಕರ ವಿವರವಿರುವ ಪುಟದಲ್ಲಿ ‘ಡೆಮಿ 1/8’ ಅಥವಾ ‘ಕ್ರೌನ್ 1/8’ ಎಂದು ಪುಸ್ತಕದ ಅಳತೆ ಇರುತ್ತದೆ. ಕ್ರೌನ್ ಚಿಕ್ಕದು, ಡೆಮಿ ದೊಡ್ಡದು. ನಡುವಿನ ಒಂದು ಪುಟ ತೆರೆದು ಸಾಲು ಎಣಿಸಿ, ಐದು ಸಾಲಿನ ಪದಗಳನ್ನು ಎಣಿಸಿ ಐದರಿಂದ ಭಾಗಿಸಿ, ಎರಡನ್ನೂ ಗುಣಿಸಿ. ಸಾಲಿಗೆ 7 ಪದ, ಪುಟಕ್ಕೆ 30 ಸಾಲು ಇದ್ದರೆ 210 ಪದ. ಅಂಥ 100 ಪುಟಕ್ಕೆ, ಪುಟಕ್ಕೆ ಎರಡು ನಿಮಿಷ ಹಿಡಿದರೆ, ಮೂರು ಗಂಟೆ ಇಪ್ಪತ್ತು ನಿಮಿಷ. ಸಂಭಾಷಣೆ ಹೆಚ್ಚಿದ್ದರೆ ಬೇಗ, ಪ್ಯಾರಾ ಒಡೆಯದ ಗದ್ಯವಿದ್ದರೆ ತಡ. ಮುನ್ನುಡಿ, ಹಿನ್ನುಡಿಗಳ ಪುಟ ಕಳೆಯಲು ಮರೆಯಬೇಡಿ.

ಪ್ರಶ್ನೆ: ನಮ್ಮ ಬಡಾವಣೆಯ ಓದುಗರ ಬಳಗದಲ್ಲಿ ಪ್ರತಿಯೊಬ್ಬರೂ ಇನ್ನೂರು ಪದದಲ್ಲಿ ಅಭಿಪ್ರಾಯ ಬರೆದು ತರಬೇಕು. ನನ್ನದು ಪ್ರತಿ ಸಲ ಕಥಾಸಾರವಾಗಿಬಿಡುತ್ತದೆ. ಏನು ಮಾಡಲಿ?
— ಗೃಹಿಣಿ, ಮೈಸೂರು

ಉತ್ತರ: ಚಿಕ್ಕ ಪುಸ್ತಕಕ್ಕೆ ಈ ಕಾಟ ಹೆಚ್ಚು. ಕಥೆ ಪುಟ್ಟದಾಗಿರುವುದರಿಂದ ಹೇಳಿ ಮುಗಿಸಿಬಿಡೋಣ ಅನಿಸುತ್ತದೆ. ಕಥೆಗೆ 40 ಪದ ಎಂದು ಮೊದಲೇ ಕಟ್ಟು ಹಾಕಿಕೊಳ್ಳಿ: ಯಾರು, ಎಲ್ಲಿ, ಯಾವ ಇಕ್ಕಟ್ಟಿನಲ್ಲಿ, ಅಷ್ಟೇ. ಕೊನೆ ಹೇಳಬೇಡಿ. ಆಮೇಲೆ ಒಂದೇ ಒಂದು ದೃಶ್ಯ ಆರಿಸಿ, ಪುಟಸಂಖ್ಯೆ ಬರೆದು, ಅದು ನಿಮ್ಮ ಮೇಲೆ ಏನು ಮಾಡಿತು, ಯಾವ ಮಾತಿನಿಂದ ಮಾಡಿತು ಎಂದು 100 ಪದದಲ್ಲಿ ಬರೆಯಿರಿ. ಉಳಿದ 60 ಪದ ಹಿಡಿಸದ್ದಕ್ಕೆ, ಅದಕ್ಕೂ ಪುಟಸಂಖ್ಯೆ ಕೊಡಿ. ‘ಮನಮುಟ್ಟುವಂತಿದೆ’, ‘ಓದಿಸಿಕೊಂಡು ಹೋಗುತ್ತದೆ’ ಎಂದು ಬರೆದಿದ್ದರೆ ಹೊಡೆದುಹಾಕಿ. ಆ ಮಾತು ಯಾವ ಪುಸ್ತಕಕ್ಕೂ ಒಪ್ಪುತ್ತದೆ.

ಓದಿ ಮುಗಿಸಿದ ರಾತ್ರಿಯೇ ಬರೆಯಬೇಡಿ. ಒಂದು ದಿನ ಬಿಟ್ಟು, ಪುಸ್ತಕ ಮುಚ್ಚಿಟ್ಟುಕೊಂಡು, ನೆನಪಿಗೆ ಬರುವ ಮೂರು ಸಂಗತಿ ಗುರುತು ಹಾಕಿಕೊಳ್ಳಿ. ನಿಮ್ಮ ದೃಶ್ಯ ಅವುಗಳಲ್ಲೇ ಇರುತ್ತದೆ. ಬೆನ್ನುಡಿಯನ್ನೂ ಮುನ್ನುಡಿಯನ್ನೂ ಬರೆದಾದ ಮೇಲೆ ಓದಿ. ಮೊದಲೇ ಓದಿದರೆ ಅವರ ಮಾತುಗಳೇ ನಿಮ್ಮ ಪೆನ್ನಿನಿಂದ ಇಳಿಯುತ್ತವೆ, ನಿಮಗೆ ಗೊತ್ತೂ ಆಗುವುದಿಲ್ಲ. ಸಿನಿಮಾ ಆದ ಪುಸ್ತಕವಾದರೆ ಸಿನಿಮಾವನ್ನೂ ಬರೆದಾದ ಮೇಲೆಯೇ ನೋಡಿ.

ಪ್ರಶ್ನೆ: ಪಿಯುಸಿ ಓದುವ ಮಗ ಕನ್ನಡ ಪುಸ್ತಕ ಮುಟ್ಟುವುದಿಲ್ಲ, ವಿಜ್ಞಾನ ಇಷ್ಟ. ಚಿಕ್ಕದೊಂದು ಸೂಚಿಸಿ.
— ಓದುಗರೊಬ್ಬರು, ಬೆಂಗಳೂರು

ಉತ್ತರ: ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980) ಕೊಡಿ. ಹಾರುವ ಓತಿಯ ಹುಡುಕಾಟದ ಕಥೆ ಎಂದಷ್ಟೇ ಹೇಳಿ ಕೈಗಿಟ್ಟರೆ ಹುಡುಗರು ಓತಿಗಾಗಿ ಪುಟ ಹಾರಿಸುತ್ತಾರೆ. ಜೇನು, ಮಂದಣ್ಣನ ಮದುವೆ, ಕೋರ್ಟು ಎಲ್ಲ ಅಡ್ಡಿಯಾಗಿ ಕಾಣುತ್ತವೆ. ಹಾಗಾಗಿ ಓತಿಯ ಸುದ್ದಿ ಎತ್ತಬೇಡಿ. ಊರಿನವರ ಕಣ್ಣಿಗೆ ಯಾವ ಕೆಲಸಕ್ಕೂ ಬಾರದ ಮಂದಣ್ಣನಲ್ಲಿ ಒಬ್ಬ ವಿಜ್ಞಾನಿ ಏನು ಕಂಡ ಎಂದು ಕೇಳಿ, ಪುಸ್ತಕ ಮೇಜಿನ ಮೇಲಿಡಿ. ಮುಗಿಸಿದನೇ ಎಂದು ದಿನಾ ವಿಚಾರಿಸಬೇಡಿ.