ಕೈ ಬಿಡಿಸಿಕೊಳ್ಳೋದನ್ನ ವಾರ್ಡಿನಲ್ಲೇ ಕಲಿಸಿ

ಪ್ರಶ್ನೆ: ಗದಗ ಹತ್ತಿರದ ಹಳ್ಳಿಯವಳು, ಹುಬ್ಬಳ್ಳಿಯಲ್ಲಿ ಬಿಎಸ್ಸಿ ನರ್ಸಿಂಗ್ ಓದ್ತಿದ್ದೇನೆ. ಕಾಲೇಜಿನಲ್ಲಿ ಎರಡು ದಿನ ಕರಾಟೆ ಹೇಳಿಕೊಟ್ಟಿದ್ದರು. ಆದರೆ ನೈಟ್ ಪೋಸ್ಟಿಂಗ್‌ನಲ್ಲಿ ರೋಗಿಯ ಕಡೆಯವನೊಬ್ಬ ಮುಂಗೈ ಹಿಡಿದು ಎಳೆದಾಗ ಒಂದೂ ನೆನಪಾಗಲಿಲ್ಲ, ಸುಮ್ನೆ ನಿಂತುಬಿಟ್ಟೆ. ಇಂಥ ತರಬೇತಿಯಿಂದ ಉಪಯೋಗ ಇದೆಯಾ?

ಉತ್ತರ: ಇದೆ ತಂಗಿ. ಮೊದಲಿಗೆ, ನಿಂತುಬಿಟ್ಟಿದ್ದು ನಿಮ್ಮ ತಪ್ಪಲ್ಲ. ದಿಢೀರ್ ಭಯಕ್ಕೆ ಮೈ ಮರಗಟ್ಟೋದು ಎಷ್ಟೋ ಜನರಿಗೆ ಆಗುತ್ತೆ. ಮೈದಾನದಲ್ಲಿ ಗಾಳಿಗೆ ಗುದ್ದಿ ಕಲಿತದ್ದು, ಯೂನಿಫಾರ್ಮ್ ಹಾಕಿಕೊಂಡು ಬಿಪಿ ಕಫ್ ಹಿಡಿದು ಎರಡು ಮಂಚದ ಸಂದಿಯಲ್ಲಿ ನಿಂತಾಗ ಹೇಗೆ ನೆನಪಾಗಬೇಕು ಹೇಳಿ? ಅದಕ್ಕೇ ಕಾಲೇಜಿನಲ್ಲಿ ನರ್ಸಿಂಗ್ ಕೆಲಸ ಅಭ್ಯಾಸ ಮಾಡೋ ಸ್ಕಿಲ್ ಲ್ಯಾಬಿನಲ್ಲೇ ಮಂಚ, ಐವಿ ಸ್ಟ್ಯಾಂಡ್ ಇಟ್ಟುಕೊಂಡು, ಗೆಳತಿಯರು ಜೋಡಿಯಾಗಿ, ಮತ್ತೆ ಮತ್ತೆ ಅಭ್ಯಾಸ ಮಾಡಬೇಕು.

ಮುಂಗೈ ಹಿಡಿದರೆ ಹಿಂದಕ್ಕೆ ಜಗ್ಗಬೇಡಿ, ಅವನ ಬಲ ಜಾಸ್ತಿ ಇರುತ್ತೆ. ಹಿಡಿದವನ ಹೆಬ್ಬೆರಳೂ ಉಳಿದ ಬೆರಳೂ ಕೂಡುವ ಕಡೆ ಹಿಡಿತ ಸಡಿಲ. ನಿಮ್ಮ ಮುಂಗೈಯ ತೆಳು ಅಂಚನ್ನು ಆ ಸಂದಿಗೆ ತಿರುಗಿಸಿ, ಮೊಣಕೈ ಮಡಚಿ, ಥಟ್ಟನೆ ಎಳೆದುಕೊಂಡು ಹಿಂದೆ ಸರಿಯಿರಿ. ಜೊತೆಗೆ ಇಡೀ ವಾರ್ಡಿಗೆ ಕೇಳೋ ಹಾಗೆ 'ಕೈ ಬಿಡ್ರಿ!' ಅನ್ನಿ. ಇದನ್ನೂ ಬಾಯಿಬಿಟ್ಟು ಅಭ್ಯಾಸ ಮಾಡಬೇಕು, ನಮ್ಮ ಹುಡುಗಿಯರಿಗೆ ಮೆತ್ತಗೆ ಮಾತಾಡೋದನ್ನೇ ಕಲಿಸಿ ಬೆಳೆಸಿರುತ್ತೇವೆ ಅಲ್ವಾ. ಆಪರೇಷನ್ ಆಗಿ ಅರೆಪ್ರಜ್ಞೆಯಲ್ಲಿರುವ ಅಜ್ಜ ಗಾಬರಿಯಿಂದ ಕೈ ಹಿಡಿದರೂ ಇದೇ ಪಟ್ಟು ಸಾಕು, ಅವರಿಗೆ ನೋವಾಗೋದಿಲ್ಲ. ಹಿಡಿದೆಳೆಯೋಕೆ ಸಿಗದ ಹಾಗೆ ಜಡೆ ಬಿಡದೆ ತುರುಬು ಕಟ್ಟಿ, ಸ್ಟೆತಸ್ಕೋಪ್ ಕೊರಳಲ್ಲಿ ಬೇಡ, ಬೇಗ ಹೊರಗೆ ಹೋಗೋಕೆ ಬಾಗಿಲು ನಿಮ್ಮ ಬೆನ್ನ ಕಡೆ ಇರಲಿ.

ಸರಿಯಾಗಿ ಕಲಿಸಿದರೆ ಫಲ ಸಿಗುತ್ತೆ. ಕೆನಡಾದ ಮೂರು ವಿಶ್ವವಿದ್ಯಾಲಯಗಳ 893 ವಿದ್ಯಾರ್ಥಿನಿಯರ ಮೇಲೆ ನಡೆದ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಅಪಾಯ ಗುರುತಿಸೋದು, ಎದುರಿಸೋದು ಎರಡನ್ನೂ 12 ಗಂಟೆ ಕಲಿತವರಲ್ಲಿ, ಒಂದು ವರ್ಷದೊಳಗೆ ಅತ್ಯಾಚಾರಕ್ಕೆ ಒಳಗಾದವರು ಶೇ 5.2. ಬರೀ ಮಾಹಿತಿ ಕರಪತ್ರ ಸಿಕ್ಕವರಲ್ಲಿ ಶೇ 9.8.

ಆದರೆ ಎಲ್ಲ ಭಾರವೂ ಹುಡುಗಿಯರ ಮೇಲೇ ಬೀಳಬಾರದು. ನಡೆದದ್ದನ್ನು ಇನ್‌ಚಾರ್ಜ್ ಸಿಸ್ಟರ್‌ಗೆ ಬರೆದುಕೊಡಿ, ಒಂದು ಪ್ರತಿ ಇಟ್ಟುಕೊಳ್ಳಿ. ಕೆಲಸದ ಜಾಗದಲ್ಲಿ ಮಹಿಳೆಯರಿಗೆ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಪ್ರಕಾರ, ಹೊರಗಿನವನು ಕಿರುಕುಳ ಕೊಟ್ಟರೂ ನೀವು ಪೊಲೀಸರಿಗೆ ದೂರು ಕೊಡುತ್ತೇನೆ ಅಂದರೆ ಆಸ್ಪತ್ರೆ ನೆರವಾಗಲೇಬೇಕು. ಕತ್ತಲ ಕಾರಿಡಾರಿಗೆ ದೀಪ, ರಾತ್ರಿ ಪಾಳಿಗೆ ಜೋಡಿ ಪೋಸ್ಟಿಂಗ್, ಹಾಸ್ಟೆಲ್‌ವರೆಗೆ ವಾಹನ, ಇವನ್ನು ಕಾಲೇಜನ್ನು ಕೇಳಿ ಪಡೆಯಿರಿ.

ಪ್ರಶ್ನೆ: ನಾನು ಹಾವೇರಿಯಲ್ಲಿ ನರ್ಸಿಂಗ್ ಬೋಧಕಿ. ವಿದ್ಯಾರ್ಥಿನಿ ಯಾರನ್ನಾದರೂ ತಳ್ಳಿದರೆ ಅವಳ ಮೇಲೇ ಕೇಸ್ ಆಗುತ್ತಾ?

ಉತ್ತರ: ದೂರು ಯಾರು ಬೇಕಾದರೂ ಕೊಡಬಹುದು. ಆದರೆ ತನ್ನ ಮೈ ಕಾಪಾಡಿಕೊಳ್ಳಲು ಮಾಡಿದ್ದು ಅಪರಾಧವಲ್ಲ ಅಂತ ಭಾರತೀಯ ನ್ಯಾಯ ಸಂಹಿತೆಯ 34ನೇ ಸೆಕ್ಷನ್ ಹೇಳುತ್ತೆ. ಅಗತ್ಯಕ್ಕಿಂತ ಜಾಸ್ತಿ ಬಲ ಬಳಸಬಾರದು ಅಷ್ಟೇ. ಬಿಡಿಸಿಕೊಂಡ ಮೇಲೆ ಅಲ್ಲಿ ನಿಲ್ಲದೆ ಜನ ಇರೋ ಕಡೆ ಹೋಗಿ 112ಕ್ಕೆ ಫೋನ್ ಮಾಡೋಕೆ ಹೇಳಿಕೊಡಿ.